ಅಲ್ಪವಿರಾಮದ ಅಲ್ಪವಲ್ಲದ ಕಥೆ

ಸಿಎಸ್‌ವಿ ಕಡತ ಅಂದ್ರೆ ಬಲು ಸುಲಭ ಅನ್ನಿಸುತ್ತೆ. ಸಾಲಿಗೊಂದು ದಾಖಲೆ, ನಡುನಡುವೆ ಅಲ್ಪವಿರಾಮ, ಅಷ್ಟೇ ತಾನೆ? ಆದರೆ ಮಾಹಿತಿಯೊಳಗೇ ಅಲ್ಪವಿರಾಮ ಬಂದರೆ? 1,25,000 ಅಂತ ಬರೆದರೆ ನಮಗದು ಒಂದೂಕಾಲು ಲಕ್ಷ. ಗಣಕಕ್ಕೆ ಮಾತ್ರ 1, 25, 000 ಅನ್ನೋ ಮೂರು ಕಾಲಂ! ಸಂಬಳದ ಪಟ್ಟಿಯಲ್ಲಿ ಹೀಗಾದರೆ ಒಬ್ಬರ ಸಂಬಳ ಒಂದೇ ರೂಪಾಯಿಗೆ ಇಳಿದೀತು. ಎಷ್ಟೋ ಸಲ ಪ್ರೋಗ್ರಾಮು ತಪ್ಪಾಯಿತೆಂದು ಬಾಯಿ ಕೂಡ ಬಿಡೋದಿಲ್ಲ.

ಈ ತಲೆನೋವು ಇವತ್ತಿನದಲ್ಲ. ಪಂಚ್ ಕಾರ್ಡುಗಳ ಕಾಲದಲ್ಲಿ ಸಾಮಾನ್ಯವಾಗಿ ಪ್ರತಿ ಮಾಹಿತಿಗೂ ಇಂತಿಷ್ಟೇ ಕಾಲಂ ಅಂತ ನಿಗದಿ. ತೂತು ಒಂದು ಕಾಲಂ ಆಚೀಚೆ ಬಿದ್ದರೂ ಲೆಕ್ಕ ಕೆಟ್ಟ ಹಾಗೆ. 1972ರ ಹೊತ್ತಿಗೆ ಐಬಿಎಂನ ಒಂದು ಫೋರ್‌ಟ್ರಾನ್ ಕಂಪೈಲರ್ ಅಲ್ಪವಿರಾಮ ಹಾಕಿ ಬಿಡಿಸಿದ ಮಾಹಿತಿಯನ್ನು ಓದುತ್ತಿತ್ತು. 1978ರಲ್ಲಿ ಅಂಗೀಕಾರವಾದ ಫೋರ್‌ಟ್ರಾನ್ 77 ಇದನ್ನು ಭಾಷೆಯ ನಿಯಮವನ್ನಾಗಿಸಿತು. ಅಲ್ಲಿ ಪದಗಳನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಒಳಗೆ ಅದೇ ಚಿಹ್ನೆ ಬಂದರೆ ಎರಡು ಸಲ ಬರೆಯಬೇಕು.

1983ರಲ್ಲಿ ಆಸ್ಬೋರ್ನ್ ಎಕ್ಸಿಕ್ಯುಟಿವ್ ಗಣಕದ ಜೊತೆ ಸೂಪರ್‌ಕ್ಯಾಲ್ಕ್ ತಂತ್ರಾಂಶ ಬರುತ್ತಿತ್ತು. ಅಲ್ಪವಿರಾಮ ಇರುವ ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕುವ ಪದ್ಧತಿ ಆ ಗಣಕದ ಕೈಪಿಡಿಯಲ್ಲಿದೆ.

ತಮಾಷೆ ಅಂದ್ರೆ, ಆಸ್ಕಿ ಸಂಕೇತಗಳಲ್ಲಿ 28ರಿಂದ 31ರವರೆಗಿನ ನಾಲ್ಕು ಸ್ಥಾನಗಳು ಮಾಹಿತಿ ಬೇರ್ಪಡಿಸಲೆಂದೇ ಮೀಸಲು. ಆದರೆ ಅವಕ್ಕೆ ಕೀಲಿಮಣೆಯಲ್ಲಿ ತಮ್ಮದೇ ಕೀಲಿಯಿಲ್ಲ, ಕಣ್ಣಿಗೂ ಕಾಣಿಸೋದಿಲ್ಲ. ಅದಕ್ಕೇ ಅಲ್ಪವಿರಾಮ ಗೆದ್ದಿತು ಅಂತ ನನ್ನ ಅನಿಸಿಕೆ.

ಜರ್ಮನಿಯಲ್ಲಂತೂ ದಶಾಂಶಕ್ಕೇ ಅಲ್ಪವಿರಾಮ: 3,14. ಹಾಗಾಗಿ ಅಲ್ಲಿ ಎಕ್ಸೆಲ್ ಸಾಮಾನ್ಯವಾಗಿ ಅರ್ಧವಿರಾಮದಿಂದ ಬಿಡಿಸುತ್ತೆ. ಕಡತದ ಹೆಸರು ಮಾತ್ರ ಅದೇ ಸಿಎಸ್‌ವಿ :-)

ಕೊನೆಗೆ 2005ರ ಅಕ್ಟೋಬರ್‌ನಲ್ಲಿ ಯಾಕೊವ್ ಶಾಫ್ರಾನೊವಿಚ್ ಬರೆದ ಆರ್‌ಎಫ್‌ಸಿ 4180 ಬಂತು. ಅಲ್ಪವಿರಾಮ, ಹೊಸ ಸಾಲು, ಜೋಡಿ ಉದ್ಧರಣ ಚಿಹ್ನೆ ಇವುಗಳಲ್ಲಿ ಯಾವುದಿದ್ದರೂ ಆ ಮಾಹಿತಿಯನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಹಾಕಿ. ಒಳಗಿನ ಚಿಹ್ನೆಯನ್ನು ಎರಡು ಸಲ ಬರೆಯಿರಿ ಅನ್ನುತ್ತೆ ಅದು. ಹೀಗೆ:

"ಅವನು ""ಸರಿ, ಬಾ"" ಅಂದ"

ಇಷ್ಟಾಗಿಯೂ ಅದು ಅಧಿಕೃತ ಮಾನಕವಲ್ಲ, ಬರೀ ಮಾಹಿತಿಗಾಗಿ ಪ್ರಕಟಿಸಿದ್ದು. 1972ರಿಂದ ಲೆಕ್ಕ ಹಾಕಿದರೆ 33 ವರ್ಷ ಬಳಕೆಯಲ್ಲಿದ್ದ ಪದ್ಧತಿಯನ್ನು ಆಮೇಲೆ ಬರೆದಿಟ್ಟಿದ್ದು. ಭಾಷೆ ಮೊದಲು, ವ್ಯಾಕರಣ ಆಮೇಲೆ ಅಂತಾರಲ್ಲ, ಹಾಗೆ. ಆದ್ದರಿಂದಲೇ ಬೇರೆಯವರ ಸಿಎಸ್‌ವಿ ಕೈಗೆ ಬಂದಾಗ ಅಲ್ಪವಿರಾಮ ಕಂಡಲ್ಲೆಲ್ಲ ಕತ್ತರಿಸಿಬಿಡಬೇಡಿ. ಯಾವ ತಂತ್ರಾಂಶ ಯಾವ ವ್ಯಾಕರಣ ಹಿಡಿದು ಬರೆದಿದೆ ಅಂತ ಮೊದಲು ನೋಡಿ.