ವೀಸಾ ಸ್ಟೇಟಸ್‌ನಲ್ಲಿ ‘ರಿಫ್ಯೂಸ್ಡ್’ ಎಂದು ಬಂದರೆ ಎಲ್ಲ ಮುಗಿಯಿತೇ? ಕುಟುಂಬ ವೀಸಾ ತಿರಸ್ಕಾರದಲ್ಲಿ ನಿಜ ಯಾವುದು, ಸುಳ್ಳು ಯಾವುದು

ಮಗ ಅಮೆರಿಕದಲ್ಲಿ, ತಾಯಿ ಚಳ್ಳಕೆರೆಯಲ್ಲಿ. ಮುಂಬೈಗೆ ಹೋಗಿ ಸಂದರ್ಶನ ಮುಗಿಸಿ ಬಂದ ಮೇಲೆ ಮೊಬೈಲ್‌ನಲ್ಲಿ ಸ್ಟೇಟಸ್ ನೋಡಿದರೆ ‘ರಿಫ್ಯೂಸ್ಡ್’ ಎಂದು ತೋರಿಸುತ್ತದೆ. ಸಂಜೆಯೊಳಗೆ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಸಲಹೆಗಳ ಸುರಿಮಳೆ. ‘ಒಮ್ಮೆ ರಿಜೆಕ್ಟ್ ಆದರೆ ಜೀವಮಾನವಿಡೀ ಸಿಗಲ್ಲ.’ ‘ಹೊಸ ಪಾಸ್‌ಪೋರ್ಟ್ ಮಾಡಿಸಿ, ಹಳೇದು ಗೊತ್ತಾಗಲ್ಲ.’ ‘ಬೆಂಗಳೂರಲ್ಲಿ ಒಬ್ಬರಿದ್ದಾರೆ, ದುಡ್ಡು ಕೊಟ್ಟರೆ ಒಳಗಿಂದಲೇ ಮಾಡಿಸಿಕೊಡ್ತಾರೆ.’

ಈ ಮೂರೂ ಮಾತು ಸುಳ್ಳು. ಮೊದಲನೆಯದನ್ನು ನಂಬಿದವರು ಸರಿಪಡಿಸಬಹುದಾದ ಅರ್ಜಿಯನ್ನು ಕೈಬಿಡುತ್ತಾರೆ. ಉಳಿದೆರಡನ್ನು ನಂಬಿದವರು ಸಣ್ಣ ತೊಡಕನ್ನು ಶಾಶ್ವತ ನಿಷೇಧದವರೆಗೆ ಒಯ್ಯುತ್ತಾರೆ. ಹಾಗಾದರೆ ನಿಜವಾಗಿ ಮಾಡಬೇಕಾದ್ದೇನು? ಬನ್ನಿ, ನೋಡೋಣ.

ಮೊದಲು ಸೆಕ್ಷನ್ ಓದಿ

ತಿರಸ್ಕಾರ ಎಂದರೆ ಒಂದೇ ಬಗೆಯದಲ್ಲ. ಸಂದರ್ಶನದ ಕೊನೆಗೆ ಕೈಗೆ ಕೊಡುವ ಪತ್ರದಲ್ಲಿ ಯಾವ ಸೆಕ್ಷನ್ ಪ್ರಕಾರ ಎಂಬುದು ಸಾಮಾನ್ಯವಾಗಿ ಬರೆದಿರುತ್ತದೆ. ಮುಂದಿನ ದಾರಿ ಯಾವುದು ಎಂಬುದನ್ನು ಆ ಸಂಖ್ಯೆಯೇ ತೀರ್ಮಾನಿಸುತ್ತದೆ.

*221(ಜಿ):* ಯಾವುದೋ ದಾಖಲೆ ಕಡಿಮೆಯಿದೆ, ಅಥವಾ ಇನ್ನೂ ಪರಿಶೀಲನೆ ನಡೆಯುತ್ತಿದೆ ಎಂದರ್ಥ. ಹೀಗೆ ತಡೆಹಿಡಿದ ಅರ್ಜಿಗೂ ವೆಬ್‌ಸೈಟ್ ‘ರಿಫ್ಯೂಸ್ಡ್’ ಎಂದೇ ತೋರಿಸುತ್ತದೆ. ಗಾಬರಿ ಹುಟ್ಟುವುದು ಇಲ್ಲಿಯೇ. ಕೇಳಿದ ದಾಖಲೆಯನ್ನು ಒಂದು ವರ್ಷದೊಳಗೆ ಕೊಟ್ಟರೆ ಅದೇ ಅರ್ಜಿ ಮುಂದುವರಿಯುತ್ತದೆ, ಮತ್ತೆ ಶುಲ್ಕ ಕಟ್ಟಬೇಕಿಲ್ಲ. ವರ್ಷ ದಾಟಿದರೆ ಹೊಸ ಅರ್ಜಿ, ಹೊಸ ಶುಲ್ಕ. ಜೊತೆಗೆ ಹಳೆಯ ನೋಂದಣಿಯೇ ರದ್ದಾಗುವ ಅಪಾಯವೂ ಇದೆ. ಅಣ್ಣತಮ್ಮ, ಅಕ್ಕತಂಗಿಯರ ವಿಭಾಗದಲ್ಲಿ ಭಾರತೀಯರ ಸರದಿ ಹದಿನೈದು ವರ್ಷಕ್ಕೂ ಮೀರಿದ್ದು. ಅಷ್ಟು ಕಾದು ಬಂದ ಸರದಿ ಒಂದು ಕಾಗದದ ಉದಾಸೀನದಿಂದ ಕೈತಪ್ಪಬಾರದು.

*212(ಎ)(4):* ಹೋಗುವವರು ಅಲ್ಲಿಯ ಸರ್ಕಾರಕ್ಕೆ ಹೊರೆಯಾಗಬಹುದು ಎಂಬ ಅನುಮಾನ. ಕರೆಸಿಕೊಳ್ಳುವವರು ಐ-864 ಎಂಬ ಫಾರ್ಮಿನಲ್ಲಿ ತಮ್ಮ ಆದಾಯ ತೋರಿಸಬೇಕು. ಸಾಮಾನ್ಯವಾಗಿ ಅದು ಅಮೆರಿಕದ ಬಡತನ ರೇಖೆಯ ಶೇ. 125ರಷ್ಟಾದರೂ ಇರಬೇಕು. ಊರಿನ ಪಹಣಿಗಿಂತ ಮೊದಲು ನೋಡುವುದು ಅಲ್ಲಿರುವವರ ಆದಾಯವನ್ನು. ಮಗನ ಸಂಬಳ ಸಾಲದಿದ್ದರೆ ಅಲ್ಲಿಯೇ ವಾಸವಿರುವ ಇನ್ನೊಬ್ಬ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವವರು ಜಂಟಿ ಸ್ಪಾನ್ಸರ್ ಆಗಬಹುದು.

*212(ಎ)(9)(ಬಿ):* ಹಿಂದೆ ಅಲ್ಲಿ ಅನುಮತಿ ಮೀರಿ ಉಳಿದಿದ್ದವರಿಗೆ. 180 ದಿನ ಮೀರಿ, ಒಂದು ವರ್ಷಕ್ಕಿಂತ ಕಡಿಮೆ ಉಳಿದು ಹೊರಟಿದ್ದರೆ 3 ವರ್ಷ, ಒಂದು ವರ್ಷ ಅಥವಾ ಹೆಚ್ಚು ಉಳಿದಿದ್ದರೆ 10 ವರ್ಷ ತಡೆ.

*212(ಎ)(6)(ಸಿ):* ಸುಳ್ಳು ಹೇಳಿಕೆ ಅಥವಾ ನಕಲಿ ದಾಖಲೆ. ಎಲ್ಲಕ್ಕಿಂತ ಭಾರವಾದದ್ದು ಇದೇ. ಇದಕ್ಕೆ ಅವಧಿಯಿಲ್ಲ, ನಿಷೇಧ ಜೀವಮಾನಕ್ಕೆ. ವಿನಾಯಿತಿ ಕೇಳಲು ಐ-601 ಎಂಬ ಅರ್ಜಿಯಿದೆ. ಆದರೆ ಅರ್ಜಿದಾರರ ಗಂಡ, ಹೆಂಡತಿ ಅಥವಾ ತಂದೆತಾಯಿ ಅಮೆರಿಕದ ಪ್ರಜೆ ಇಲ್ಲವೇ ಗ್ರೀನ್ ಕಾರ್ಡ್‌ದಾರರಾಗಿದ್ದು, ಅವರಿಗೆ ತೀವ್ರ ಕಷ್ಟವಾಗುತ್ತದೆ ಎಂದು ತೋರಿಸಬೇಕು. ಈ ಪಟ್ಟಿಯಲ್ಲಿ ಮಕ್ಕಳಿಲ್ಲ. ಅಂದರೆ ಮಗ ಕರೆಸಿಕೊಳ್ಳುತ್ತಿರುವ ತಾಯಿ ಒಂದು ನಕಲಿ ಪತ್ರ ಕೊಟ್ಟು ಸಿಕ್ಕಿಬಿದ್ದರೆ, ‘ಮಗನಿಗೆ ಕಷ್ಟವಾಗುತ್ತದೆ’ ಎಂಬ ಕಾರಣ ಹೇಳಿ ವಿನಾಯಿತಿ ಪಡೆಯಲಾಗದು.

ಇನ್ನೊಂದು ಸಂಖ್ಯೆ *214(ಬಿ).* ಇದು ವಲಸೆ ವೀಸಾದ್ದಲ್ಲ, ಮಗಳ ಬಾಣಂತನಕ್ಕೋ ಮೊಮ್ಮಗುವನ್ನು ನೋಡಲಿಕ್ಕೋ ಹೋಗುವ ಪ್ರವಾಸಿ ವೀಸಾಗಳಲ್ಲಿ ಬರುವಂಥದ್ದು. ‘ಮರಳಿ ಊರಿಗೆ ಬರುತ್ತೀರಿ ಎಂಬುದು ನಮಗೆ ಮನವರಿಕೆಯಾಗಲಿಲ್ಲ’ ಎಂದು ಇದರ ಅರ್ಥ. ಇದಕ್ಕೆ ಮೇಲ್ಮನವಿಯಿಲ್ಲ, ಮತ್ತೆ ಅರ್ಜಿ ಹಾಕಲು ಅಡ್ಡಿಯೂ ಇಲ್ಲ.

ನಮ್ಮ ತಾಲ್ಲೂಕುಗಳ ದಾಖಲೆಗಳಲ್ಲಿ ತೊಡಕು ಎಲ್ಲಿ?

*ಜನನ ಪ್ರಮಾಣಪತ್ರ.* ಜನನ-ಮರಣ ನೋಂದಣಿ ಕಾಯ್ದೆ 1969ರದ್ದು. ಅದಕ್ಕೆ ಮೊದಲು ಮನೆಯಲ್ಲೇ ಹುಟ್ಟಿದ ಹಿರಿಯರಲ್ಲಿ ಅನೇಕರ ಹೆಸರು ರಿಜಿಸ್ಟರಿನಲ್ಲಿ ಸಿಗುವುದಿಲ್ಲ. ಅದಕ್ಕೆ ಹೆದರಬೇಕಿಲ್ಲ. ‘ದಾಖಲೆ ಲಭ್ಯವಿಲ್ಲ’ ಎಂಬ ಪ್ರಮಾಣಪತ್ರವನ್ನು ನೋಂದಣಿ ಅಧಿಕಾರಿಯಿಂದ ಪಡೆದು, ಶಾಲಾ ದಾಖಲೆ ಮತ್ತು ಹತ್ತಿರದ ಹಿರಿಯ ಸಂಬಂಧಿಕರ ಅಫಿಡವಿಟ್ ಜೊತೆಗಿಟ್ಟು ಕೊಡುವ ದಾರಿ ಇದೆ.

*ಗಡಿಯಾಚೆ ಹುಟ್ಟಿದವರು.* ಜನನ ನೋಂದಣಿ ಆಗುವುದು ಹುಟ್ಟಿದ ಊರಿನಲ್ಲಿ, ಬೆಳೆದ ಊರಿನಲ್ಲಲ್ಲ. ಮೊಳಕಾಲ್ಮುರಿನ ಸೊಸೆ ಹೆರಿಗೆಗೆ ರಾಯದುರ್ಗದ ತವರಿಗೆ ಹೋಗಿದ್ದರೆ ಮಗುವಿನ ದಾಖಲೆ ಆಂಧ್ರದಲ್ಲಿರುತ್ತದೆ. ಮೊಳಕಾಲ್ಮುರಿನಲ್ಲಿ ಎಷ್ಟು ಅಲೆದರೂ ಸಿಗದು. ಪತ್ರ ಕನ್ನಡದಲ್ಲಿರಲಿ, ತೆಲುಗಿನಲ್ಲಿರಲಿ, ದೃಢೀಕರಿಸಿದ ಇಂಗ್ಲಿಷ್ ಅನುವಾದವನ್ನು ಜೊತೆಗಿಡಿ.

*ಹೆಸರಿನ ಕಾಗುಣಿತ.* ನಾಯಕನಹಟ್ಟಿಯ ಸ್ವಾಮಿಯ ಹೆಸರಿಟ್ಟುಕೊಂಡ ತಿಪ್ಪೇಸ್ವಾಮಿಗಳು ನಮ್ಮಲ್ಲಿ ಬೀದಿಗೊಬ್ಬರು. ಇಂಗ್ಲಿಷಿನಲ್ಲಿ ಆ ಹೆಸರನ್ನು ಆಧಾರ್‌ನಲ್ಲಿ ಒಂದು ರೀತಿ, ಶಾಲೆಯ ಟಿಸಿಯಲ್ಲಿ ಇನ್ನೊಂದು ರೀತಿ, ಮಗನ ಪಾಸ್‌ಪೋರ್ಟಿನ ತಂದೆಯ ಹೆಸರಿನಲ್ಲಿ ಮತ್ತೊಂದು ರೀತಿ ಬರೆದಿರುತ್ತಾರೆ. ಇನಿಷಿಯಲ್ ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ. ಓದುವ ಅಧಿಕಾರಿಗೆ ಅವರು ಮೂರು ಬೇರೆ ಬೇರೆ ಮನುಷ್ಯರು. ಮೂರೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಮತ್ತು ಹಳೆಯ ದಾಖಲೆಗಳನ್ನು ಮೊದಲೇ ಸಿದ್ಧ ಮಾಡಿಕೊಳ್ಳಿ.

*ಜೂನ್ ಒಂದರ ಹುಟ್ಟುಹಬ್ಬ.* ಶಾಲೆಗೆ ಸೇರಿಸುವಾಗ ಮೇಷ್ಟರು ಅಂದಾಜಿನಲ್ಲಿ ಬರೆದ ಜೂನ್ 1 ನಮ್ಮಲ್ಲಿ ಅನೇಕರ ಜನ್ಮದಿನ. ಜನನ ರಿಜಿಸ್ಟರಿನಲ್ಲಿ ಬೇರೆ ದಿನಾಂಕವಿದ್ದರೆ, ಅದಕ್ಕೆ ಹೊಂದುವಂತೆ ಹೊಸ ಪತ್ರ ‘ಮಾಡಿಸುವುದು’ ಪರಿಹಾರವಲ್ಲ. ವ್ಯತ್ಯಾಸ ಏಕೆ ಬಂತೆಂದು ನೇರವಾಗಿ ಬರೆದುಕೊಡಿ. ವ್ಯತ್ಯಾಸಕ್ಕೆ ವಿವರಣೆ ಕೊಡಬಹುದು, ನಕಲಿ ಪತ್ರಕ್ಕೆ ಕೊಡಲಾಗದು.

*ಸೋದರಮಾವನ ಜೊತೆ ಮದುವೆ.* ಹಿಂದೂ ವಿವಾಹ ಕಾಯ್ದೆಯಲ್ಲಿ ಈ ಸಂಬಂಧ ನಿಷಿದ್ಧ ಪಟ್ಟಿಯಲ್ಲಿದ್ದರೂ, ರೂಢಿಯಿರುವ ಕಡೆ ಮಾನ್ಯ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಇದಕ್ಕೆ ಅವಕಾಶವಿಲ್ಲದ ಕಾರಣ ವೀಸಾಗೆ ತೊಂದರೆಯಾಗಬಹುದು. ಸಂಬಂಧ ಮುಚ್ಚಿಡಬೇಡಿ. ನೆಲೆಸಲಿರುವ ರಾಜ್ಯದ ಕಾನೂನು ಬಲ್ಲ ವಕೀಲರನ್ನು ಅರ್ಜಿಗೆ ಮುನ್ನವೇ ಕೇಳಿ.

‘ರಿವೋಕ್’ ಆಗಿದೆ ಎಂದರೆ?

ಇದರಲ್ಲೂ ಎರಡು ಬಗೆ. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾ ರದ್ದಾಗುವುದು ಒಂದು. ಮಗನೋ ಗಂಡನೋ ಸಲ್ಲಿಸಿದ ಐ-130 ಪಿಟಿಷನ್ ರದ್ದಾಗುವುದು ಇನ್ನೊಂದು. ಮದುವೆ ನಿಜವೇ ಎಂಬ ಅನುಮಾನ ಬಂದರೆ ಕಾನ್ಸುಲೇಟ್ ಆ ಪಿಟಿಷನ್ನನ್ನು ಅಮೆರಿಕದ ವಲಸೆ ಇಲಾಖೆಗೆ ವಾಪಸು ಕಳಿಸುತ್ತದೆ. ರದ್ದು ಮಾಡುವ ಮುನ್ನ ಇಲಾಖೆ ನೋಟಿಸ್ ಕಳಿಸುತ್ತದೆ. ಉತ್ತರಿಸಬೇಕಾದವರು ಅಲ್ಲಿ ಪಿಟಿಷನ್ ಹಾಕಿದವರು, ಊರಿನಲ್ಲಿರುವವರಲ್ಲ. ಗಡುವು ಕೆಲವೇ ದಿನಗಳದ್ದು, ಪತ್ರದಲ್ಲೇ ಬರೆದಿರುತ್ತದೆ. ಮದುವೆಯ ಫೋಟೊ, ಲಗ್ನಪತ್ರಿಕೆ, ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಪತ್ರ, ಹಣ ಕಳಿಸಿದ ಬ್ಯಾಂಕ್ ದಾಖಲೆ, ಇಬ್ಬರೂ ಒಟ್ಟಿಗೆ ಓಡಾಡಿದ ಟಿಕೆಟ್ ಇಂಥವು ಆಗ ಕೆಲಸಕ್ಕೆ ಬರುತ್ತವೆ.

ಕರೆಸಿಕೊಳ್ಳುತ್ತಿದ್ದವರು ತೀರಿಕೊಂಡರೆ ಪಿಟಿಷನ್ ಸಾಮಾನ್ಯವಾಗಿ ತಾನಾಗಿಯೇ ರದ್ದಾಗುತ್ತದೆ. ಆದರೆ ಮೊದಲೇ ಮಂಜೂರಾಗಿದ್ದರೆ, ಮಾನವೀಯ ನೆಲೆಯಲ್ಲಿ ಮತ್ತೆ ಜೀವ ಕೊಡಿ ಎಂದು ಕೇಳಲು ಅವಕಾಶವಿದೆ. ಅದಕ್ಕೆ ಬೇರೆ ಸ್ಪಾನ್ಸರ್ ಬೇಕಾಗುತ್ತದೆ.

ಸುತ್ತಾಡುವ ಸುಳ್ಳುಗಳು

*‘ಹೊಸ ಪಾಸ್‌ಪೋರ್ಟಿನಲ್ಲಿ ಹಳೆಯ ತಿರಸ್ಕಾರ ಕಾಣದು.’* ಸುಳ್ಳು. ಬೆರಳಚ್ಚು ಅವರ ಬಳಿ ಇರುತ್ತದೆ. ‘ಹಿಂದೆ ವೀಸಾ ನಿರಾಕರಿಸಲಾಗಿತ್ತೇ?’ ಎಂಬ ಪ್ರಶ್ನೆ ಅರ್ಜಿಯಲ್ಲೇ ಇದೆ. ‘ಇಲ್ಲ’ ಎಂದು ಬರೆದರೆ ಅದೇ ಸುಳ್ಳು ಹೇಳಿಕೆಯಾಗುತ್ತದೆ.

*‘ಸಂಸದರ ಪತ್ರ ತಂದರೆ ಆಗುತ್ತದೆ.’* ಸುಳ್ಳು. ನಮ್ಮ ಸಂಸದರಾಗಲಿ ಮಂತ್ರಿಯಾಗಲಿ ಅಮೆರಿಕದ ಅಧಿಕಾರಿಗೆ ಆದೇಶ ಕೊಡಲಾರರು. ಮಗ ಅಲ್ಲಿ ವಾಸವಿರುವ ಕ್ಷೇತ್ರದ ಅಮೆರಿಕ ಸಂಸತ್ ಸದಸ್ಯರ ಕಚೇರಿ ಅರ್ಜಿ ಎಲ್ಲಿಗೆ ಬಂತೆಂದು ವಿಚಾರಿಸಬಹುದು, ಅಷ್ಟೇ.

*‘ಕೋರ್ಟಿಗೆ ಹಾಕಿದರೆ ಕೊಡಲೇಬೇಕು.’* ಬಹುಮಟ್ಟಿಗೆ ಸುಳ್ಳು. ಎಲ್ ಸಾಲ್ವಡಾರ್ ದೇಶದ ಗಂಡನಿಗೆ ವೀಸಾ ನಿರಾಕರಿಸಿದ್ದನ್ನು ಪ್ರಶ್ನಿಸಿ ಸಾಂಡ್ರಾ ಮುನ್ಯೋಜ್ ಎಂಬ ಅಮೆರಿಕದ ಪ್ರಜೆ ಅಲ್ಲಿಯ ಸುಪ್ರೀಂ ಕೋರ್ಟ್‌ವರೆಗೆ ಹೋರಾಡಿದರು. ವಿದೇಶಿ ಸಂಗಾತಿಗೆ ದೇಶ ಪ್ರವೇಶ ಕೊಡಿಸುವುದು ಪ್ರಜೆಯ ಮೂಲಭೂತ ಹಕ್ಕಲ್ಲ ಎಂದು ಕೋರ್ಟ್ 2024ರ ಜೂನ್‌ನಲ್ಲಿ ತೀರ್ಪು ಕೊಟ್ಟಿತು. ಆದ್ದರಿಂದ ಕೋರ್ಟಿಗಿಂತ ದಾಖಲೆ ಸರಿಪಡಿಸುವ ದಾರಿಯೇ ಮೊದಲು.

*‘ಗ್ರೀನ್ ಕಾರ್ಡ್ ಲಾಟರಿಗೆ ಹೆಸರು ಕೊಡಿ.’* ಭಾರತದಲ್ಲಿ ಹುಟ್ಟಿದವರಿಗೆ ಆ ಲಾಟರಿಯಲ್ಲಿ ಸಾಮಾನ್ಯವಾಗಿ ಅವಕಾಶವೇ ಇಲ್ಲ. ಹಣ ಕಟ್ಟಿ ಎಂಬ ಲಿಂಕ್ ಬಂದರೆ ಅದು ಮೋಸ.

ಬೇರೆ ದೇಶವಾದರೆ?

ನಿಯಮ ದೇಶಕ್ಕೊಂದು. ಬ್ರಿಟನ್‌ನಲ್ಲಿ ಕುಟುಂಬ ವೀಸಾ ನಿರಾಕರಿಸಿದರೆ ಸಾಮಾನ್ಯವಾಗಿ ಮಾನವ ಹಕ್ಕಿನ ಆಧಾರದ ಮೇಲೆ ಮೇಲ್ಮನವಿಗೆ ಅವಕಾಶವಿದ್ದು, ಹೊರಗಿನಿಂದ ಸಲ್ಲಿಸಲು 28 ದಿನ ಸಿಗುತ್ತದೆ. ಕೆನಡಾದಲ್ಲಿ ಸ್ಪಾನ್ಸರ್ ಮಾಡಿದವರು 30 ದಿನದೊಳಗೆ ವಲಸೆ ಮೇಲ್ಮನವಿ ವಿಭಾಗಕ್ಕೆ ಹೋಗಬಹುದು. ಒಂದು ದೇಶದ ಅನುಭವ ಇನ್ನೊಂದು ದೇಶಕ್ಕೆ ಹೊಂದುವುದಿಲ್ಲ.

ಈಗಲೇ ಮಾಡಬೇಕಾದ್ದು

1. ಪತ್ರದ ಎರಡೂ ಬದಿಯ ಫೋಟೊ ತೆಗೆದು ಕರೆಸಿಕೊಳ್ಳುವವರಿಗೆ ಕಳಿಸಿ. ಗುಂಪಿಗೆ ಹಾಕಬೇಡಿ, ಅದರಲ್ಲಿ ಪಾಸ್‌ಪೋರ್ಟ್ ಮತ್ತು ಕೇಸ್ ನಂಬರ್ ಇರಬಹುದು.

2. ಪತ್ರದ ದಿನಾಂಕ ಮತ್ತು ಗಡುವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

3. ಏನು ಕೇಳಿದ್ದಾರೋ ಅದನ್ನು ಪೂರ್ತಿಯಾಗಿ, ಹೇಳಿದ ವಿಧಾನದಲ್ಲೇ ಸಲ್ಲಿಸಿ. ರಸೀದಿ ಇಟ್ಟುಕೊಳ್ಳಿ.

4. ವೀಸಾ ಕೈಗೆ ಬರುವವರೆಗೆ ಹೊಲ, ಮನೆ ಮಾರಬೇಡಿ, ಕೆಲಸ ಬಿಡಬೇಡಿ, ವಿಮಾನದ ಟಿಕೆಟ್ ಮಾಡಿಸಬೇಡಿ.

5. ಸುಳ್ಳು ಹೇಳಿಕೆ ಅಥವಾ ರದ್ದತಿಯ ಪತ್ರ ಬಂದಿದ್ದರೆ ಅಮೆರಿಕದಲ್ಲಿ ಪರವಾನಗಿ ಇರುವ ವಲಸೆ ವಕೀಲರ ಬಳಿಗೇ ಹೋಗಿ. ಅರ್ಜಿ ತುಂಬಿಕೊಡುವ ಸೈಬರ್ ಸೆಂಟರಿನವರು ವಕೀಲರಲ್ಲ.

6. ಆನ್‌ಲೈನಿನಲ್ಲಿ ಹಣ ಕಳಿಸಿ ಮೋಸ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಪೊಲೀಸ್ ಠಾಣೆಯಲ್ಲೂ ದೂರು ಕೊಡಿ.

ಕೊನೆಯ ಮಾತು

‘ರಿಫ್ಯೂಸ್ಡ್’ ಎಂದು ಬಂದ ಮಾತ್ರಕ್ಕೆ ಬಾಗಿಲು ಮುಚ್ಚಿತು ಎಂದಲ್ಲ. ಬಹಳ ಸಲ ಅದು ‘ಇನ್ನೊಂದು ಕಾಗದ ತನ್ನಿ’ ಎಂಬ ಮಾತು. ಆ ಕಾಗದ ಇಲ್ಲದಿದ್ದರೆ ‘ಇಲ್ಲ’ ಎಂದು ದಾಖಲೆಸಹಿತ ಹೇಳುವ ದಾರಿಯೂ ಇದೆ. ಇಲ್ಲದ್ದನ್ನು ಸೃಷ್ಟಿಸಿ ಕೊಟ್ಟರೆ ಮಾತ್ರ ಬಾಗಿಲು ನಿಜವಾಗಿಯೂ ಮುಚ್ಚಬಹುದು. ನಿಯಮಗಳು ಆಗಾಗ ಬದಲಾಗುತ್ತವೆ, ಆದ್ದರಿಂದ ಆಯಾ ದೇಶದ ಸರ್ಕಾರಿ ವೆಬ್‌ಸೈಟ್ ಒಮ್ಮೆ ನೋಡಿಕೊಳ್ಳಿ. ಮುಂದಿನ ಸಲ ‘ಒಮ್ಮೆ ರಿಜೆಕ್ಟ್ ಆದರೆ ಮುಗೀತು’ ಎಂಬ ಸಂದೇಶ ನಿಮ್ಮ ಗುಂಪಿಗೆ ಬಂದರೆ, ಅದನ್ನು ಮುಂದೆ ಕಳಿಸುವ ಬದಲು ಹೀಗೆ ಕೇಳಿ: ‘ಪತ್ರದಲ್ಲಿ ಯಾವ ಸೆಕ್ಷನ್ ಬರೆದಿದ್ದಾರೆ?’