ಬಯಲಿನ ಆಟ ಜಗಲಿಗೆ ಬಂದ ಬಗೆ

ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಬುಡದ ರೇಸ್‌ಕೋರ್ಸ್ ಬಯಲಿನಲ್ಲಿ ಗಾಲ್ಫ್ ಆಡುತ್ತಾರೆ. ಅಲ್ಲಿಂದ ಪಶ್ಚಿಮಕ್ಕೆ ಹೊರಟು ಹುಣಸೂರು ದಾಟಿ ಕೊಡಗಿನ ವಿರಾಜಪೇಟೆ ಕಡೆಗೆ ಹೋದರೆ ಬಿಟ್ಟಂಗಾಲದಲ್ಲಿ ಕಾಫಿ ಪ್ಲಾಂಟರುಗಳ ಗಾಲ್ಫ್ ಮೈದಾನವಿದೆ. ನಡುವಿನ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯಲ್ಲಿ ಈ ಆಟ ಬೇರು ಬಿಡಲಿಲ್ಲ. ಬೆಂಗಳೂರಿನಲ್ಲಿ 1876ರಲ್ಲೇ ಗಾಲ್ಫ್ ಕ್ಲಬ್ ಹುಟ್ಟಿತ್ತು. ಆದರೂ ಇಲ್ಲಿಗೆ ಬರಲಿಲ್ಲ. ಕಾರಣ ಕಣ್ಣೆದುರೇ ಇದೆ. 18 ಕುಳಿಗಳ ಮೈದಾನಕ್ಕೆ ನೂರು ಎಕರೆಗೂ ಮೀರಿದ ನೆಲ ಬೇಕು, ವರ್ಷವಿಡೀ ಹುಲ್ಲು ಹಸಿರಾಗಿರುವಷ್ಟು ನೀರು ಬೇಕು. ಕೆ.ಆರ್. ನಗರದಲ್ಲಿ ಕಾವೇರಿ ನಾಲೆಯ ನೀರು ಭತ್ತದ ಗದ್ದೆಗೆ ಹೋಗುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕೆಂಪು ನೆಲ ರಾಗಿಗೆ, ಹೊಗೆಸೊಪ್ಪಿಗೆ ಮೀಸಲು. ಕೋಟೆಯ ಕಡೆ ಕಾಡು, ಕಬಿನಿಯ ಹಿನ್ನೀರು. ಉಳುವವನ ನೆಲದಲ್ಲಿ ಬರೀ ಹುಲ್ಲು ಬೆಳೆಸುವ ಆಟಕ್ಕೆ ಎಡೆಯಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ.

ಈಗ ಆ ನೂರು ಎಕರೆಯನ್ನು ಒಂದು ಕೋಣೆಗೆ ತರುವ ಸಾಧನ ಬಂದಿದೆ, ಗಾಲ್ಫ್ ಸಿಮ್ಯುಲೇಟರ್. ಕೃತಕ ಹುಲ್ಲಿನ ಚಾಪೆಯ ಮೇಲೆ ನಿಂತು ಎದುರಿಗೆ ಬಿಗಿದ ದಪ್ಪ ಪರದೆಗೆ ಚೆಂಡು ಹೊಡೆಯುವುದು. ಪಕ್ಕದಲ್ಲೋ ಹಿಂದೆಯೋ ಇಟ್ಟ ಲಾಂಚ್ ಮಾನಿಟರ್ ರೇಡಾರ್‌ನಿಂದ ಅಥವಾ ಕ್ಯಾಮೆರಾದಿಂದ ಚೆಂಡಿನ ವೇಗ, ಎದ್ದ ಕೋನ, ಸುತ್ತುವ ರಭಸವನ್ನು ಅಳೆಯುವುದು. ಉಳಿದ ಹಾರಾಟವನ್ನು ಕಂಪ್ಯೂಟರ್ ಲೆಕ್ಕ ಹಾಕಿ ಪ್ರೊಜೆಕ್ಟರ್ ಮೂಲಕ ಪರದೆಯ ಮೇಲೆ ತೋರಿಸುವುದು. 46 ಗ್ರಾಮಿಗೂ ಕಡಿಮೆ ತೂಕದ ಚೆಂಡು ನಿಜವಾಗಿ ಹಾರುವುದು ಹತ್ತು ಹನ್ನೆರಡು ಅಡಿ ಮಾತ್ರ; ಮಿಕ್ಕ ಇನ್ನೂರು ಗಜ ಗಣಿತದ ಕೆಲಸ. ಇದನ್ನು ಕಂಡವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ: ಇದು ಹೊರಗಿನಿಂದ ಬಂದ ಹೊಸ ಶೋಕಿ, ಮತ್ತು ಬಯಲಿನ ಆಟವನ್ನು ಗೋಡೆಯೊಳಗೆ ಕೂಡಿಹಾಕಿದರೆ ಅದು ಆಟವಾಗಿ ಉಳಿಯುವುದಿಲ್ಲ. ಮೊದಲನೆಯ ಮಾತು ಯಂತ್ರದ ಮಟ್ಟಿಗೆ ನಿಜ. ಎರಡನೆಯದನ್ನು ಈ ನಾಲ್ಕು ತಾಲ್ಲೂಕುಗಳ ಚರಿತ್ರೆ ಒಪ್ಪುವುದಿಲ್ಲ. ಬಯಲಿನಲ್ಲಿ, ಕಾಡಿನಲ್ಲಿ ನಡೆಯುವುದನ್ನು ಒಂದು ಮೊಳದ ಜಾಗಕ್ಕೆ ಇಳಿಸಿ ಆಡುವ ವಿದ್ಯೆ ಇಲ್ಲಿ ತಲೆಮಾರುಗಳಿಂದ ಇತ್ತು. ಅದು ಬಾಳಿದ್ದು ಹಲಗೆಯ ಚೆಲುವಿನಿಂದಲ್ಲ, ಎದುರಾಳಿ ಬಂದು ಕೂರುವ ಜಾಗ ಮನೆಯಲ್ಲಿ ಇದ್ದುದರಿಂದ ಎಂಬುದು ನನ್ನ ವಾದ.

ಹುಲಿ-ಕುರಿ ಆಟವನ್ನು ಹತ್ತಿರದಿಂದ ನೋಡಬೇಕು. ಇದ್ದಿಲಿನಲ್ಲೋ ಸುಣ್ಣದಲ್ಲೋ ನೆಲದ ಮೇಲೆ ಒಂದು ತ್ರಿಕೋನ, ಅದರ ತುದಿಯಿಂದ ಇಳಿಯುವ ಗೆರೆಗಳು, ಅವನ್ನು ಅಡ್ಡಲಾಗಿ ಕತ್ತರಿಸುವ ಗೆರೆಗಳು. ಹೆಚ್ಚು ಬಳಕೆಯಲ್ಲಿರುವ ರೂಪದಲ್ಲಿ ಗೆರೆ ಕೂಡುವ 23 ಬಿಂದುಗಳು, 3 ಹುಲಿ, 15 ಕುರಿ. ಕುರಿಗಳನ್ನು ಒಂದೊಂದಾಗಿ ನೆಲಕ್ಕಿಳಿಸಬೇಕು. ಎಲ್ಲವೂ ಇಳಿಯುವವರೆಗೆ ಇಟ್ಟ ಕುರಿಯನ್ನು ಸರಿಸುವಂತಿಲ್ಲ. ಹುಲಿ ಪಕ್ಕದ ಕುರಿಯ ಮೇಲೆ ಹಾರಿ ಆಚೆಯ ಖಾಲಿ ಬಿಂದುವಿಗೆ ಬಿದ್ದರೆ ಆ ಕುರಿ ಸತ್ತ ಹಾಗೆ. ಒಂದೇ ಗೆರೆಯಲ್ಲಿ ಎರಡು ಕುರಿ ಬೆನ್ನಿಗೆ ಬೆನ್ನು ಕೊಟ್ಟು ನಿಂತರೆ ಹುಲಿಗೆ ಹಾರಲು ದಾರಿಯಿಲ್ಲ. ಕೊಲ್ಲುವ ಶಕ್ತಿ ಕುರಿಗಿಲ್ಲ. ಸುತ್ತುವರಿದು ಹುಲಿಯನ್ನು ಅಲುಗಾಡದಂತೆ ಮಾಡುವುದೇ ಅದರ ಗೆಲುವು. ಈಗ ಆನೆ ಹಿಡಿಸುತ್ತಿದ್ದ ಬ್ರಿಟಿಷ್ ಅಧಿಕಾರಿ ಜಿ.ಪಿ. ಸ್ಯಾಂಡರ್ಸನ್ 1878ರಲ್ಲಿ ಪ್ರಕಟಿಸಿದ ಪುಸ್ತಕವನ್ನು ತೆರೆಯೋಣ. ಮೈಸೂರು ಸೀಮೆಯಲ್ಲಿ ಊರವರು ಒಟ್ಟುಗೂಡಿ ಹುಲಿಯಿರುವ ಪೊದೆಯ ಸುತ್ತ ಬಲೆ ಕಟ್ಟಿ ಅದನ್ನು ಸಿಕ್ಕಿಸುವ ಬಗೆ ಅಲ್ಲಿ ಬಂದಿದೆ. ಒಬ್ಬ ವೀರನ ಕೆಲಸವಲ್ಲ ಅದು. ಬಲೆಯ ಒಂದು ಕಡೆ ಕೈ ಸಡಿಲವಾದರೆ ಎಲ್ಲವೂ ಕೆಟ್ಟಿತು. ಎಚ್.ಡಿ. ಕೋಟೆ ಸೀಮೆಯ ಕಾಕನಕೋಟೆ ಕಾಡಿನಲ್ಲಿ 1971ರವರೆಗೂ ನಡೆದ ಖೆಡ್ಡಾದ ತಂತ್ರವೂ ಇದೇ: ಆನೆ ಹಿಂಡನ್ನು ಸುತ್ತುವರಿಯುವುದು, ಸುತ್ತು ಕಿರಿದು ಮಾಡುವುದು, ಹಿಂದಕ್ಕೆ ದಾರಿ ಬಿಡದಿರುವುದು. ಹುಲಿ-ಕುರಿ ಹುಟ್ಟಿದ್ದು ಎಚ್.ಡಿ. ಕೋಟೆಯಲ್ಲಿ ಎಂದು ನಾನು ಹೇಳುತ್ತಿಲ್ಲ. ಈ ಆಟ ದಕ್ಷಿಣ ಭಾರತದ ಉದ್ದಗಲಕ್ಕೂ ಇದೆ. ಆದರೆ ದನ ಮೇಯಿಸಲು ಕಾಡಿನಂಚಿಗೆ ಹೋಗುವ ಹುಡುಗನಿಗೆ ಅದು ಬರೀ ಗೆರೆಗಳ ಲೆಕ್ಕವಾಗಿರಲು ಸಾಧ್ಯವಿರಲಿಲ್ಲ. ಒಂಟಿಯಾಗಿ ಬಿಟ್ಟ ಕುರಿಗೆ ಏನಾಗುತ್ತದೆ ಎಂಬುದು ಅವನಿಗೆ ಹಗಲಿನ ಅನುಭವ, ಸಂಜೆಯ ಆಟ.

ಹೆಂಗಸರ ಕಡೆ ಬಂದರೆ ಅಳಗುಳಿಮಣೆ, ಚೌಕಾಬಾರ. ಎರಡು ಸಾಲಿನಲ್ಲಿ ಏಳೇಳು ಗುಳಿ ತೋಡಿದ ಮರದ ಮಣೆ ಅನುಕೂಲಸ್ಥರ ಮನೆಯಲ್ಲಿ. ಇಲ್ಲದವರಿಗೆ ನೆಲದಲ್ಲೇ ಗುಳಿ. ಚೌಕಾಬಾರಕ್ಕೆ ಐದೈದು ಮನೆಯ ಚೌಕವನ್ನು ಬಳಪದಲ್ಲಿ ಬರೆದರೆ ಸಾಕು. ಕಾಯಿಗೆ ಬಳೆಚೂರು, ಕಲ್ಲು, ಕಡ್ಡಿ. ಕವಡೆ ಇಲ್ಲದಿದ್ದರೆ ಹುಣಸೆಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ ನಾಲ್ಕು ಬೀಜಗಳನ್ನು ಅಂಗೈಯಲ್ಲಿ ಕುಲುಕಿ ಎಸೆಯುವುದು. ಗರ ಬೀಳಬೇಕು, ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆದ ಮೇಲೆಯೇ ಒಳಸುತ್ತಿಗೆ ಪ್ರವೇಶ, ನಡುಮನೆ ಸೇರಿದರೆ ಕಾಯಿ ಹಣ್ಣಾಯಿತು. ಶಿವರಾತ್ರಿಯ ಜಾಗರಣೆಗೆ ಇದಕ್ಕಿಂತ ಒಳ್ಳೆಯ ಜೊತೆ ಇರಲಿಲ್ಲ. ಖರ್ಚು ಒಂದು ಕಾಸೂ ಇಲ್ಲದ ಈ ಏರ್ಪಾಟಿಗೆ ಬೇಕಾಗಿದ್ದುದು ಎರಡೇ: ಕೂರಲು ನೆರಳಿನ ನೆಲ, ಎದುರಿಗೆ ಇನ್ನೊಬ್ಬರು. ತೊಟ್ಟಿಮನೆಯ ಪಡಸಾಲೆ, ಬೀದಿಗೆ ಮುಖಮಾಡಿದ ಜಗಲಿ, ದೇವಸ್ಥಾನದ ಮಂಟಪ ಇವೆರಡನ್ನೂ ಒದಗಿಸಿದವು. ಹಂಪಿಯ ಮಂಟಪಗಳ ನೆಲಗಲ್ಲುಗಳಲ್ಲಿ ಇಂಥ ಆಟದ ಮನೆಗಳನ್ನು ಕೊರೆದಿರುವುದು ಇಂದಿಗೂ ಕಾಣುತ್ತದೆ. ಕಲ್ಲಿನಲ್ಲಿ ಕೊರೆಯುವಷ್ಟು ಖಾತ್ರಿಯಿತ್ತು, ನಾಳೆಯೂ ಯಾರೋ ಬಂದು ಎದುರು ಕೂರುತ್ತಾರೆಂದು.

ಇದೇ ವಿದ್ಯೆ ಮೈಸೂರಿನ ಅರಮನೆಯಲ್ಲಿ ಶಾಸ್ತ್ರವಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೆ ಅವರು ಸೈನ್ಯವಿಲ್ಲದ, ರಾಜ್ಯಭಾರವಿಲ್ಲದ ಅರಸರು. ಆ ದಶಕಗಳಲ್ಲಿ ಅವರು ಆಟಗಳಿಗೆ ಕೊಟ್ಟ ಮನಸ್ಸನ್ನು ಹೊತ್ತು ಕಳೆಯುವ ಚಟವೆಂದು ತಳ್ಳಿಹಾಕುವುದು ಅನ್ಯಾಯ. ಅವರ ಹೆಸರಿನ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕ ನಿಧಿ ಆಟಗಳಿಗೆ ಮೀಸಲು. ಇಸ್ಪೀಟಿನ ಹಾಗೆ ಆಡುವ ಮೈಸೂರು ಚದಗಳನ್ನು ಅವರು ಹೊಸದಾಗಿ ಕಟ್ಟಿದರು. ಅವುಗಳಲ್ಲಿ ಕೃಷ್ಣರಾಜ ಚದಕ್ಕೆ 360 ಎಲೆ, ಚಾಮುಂಡೇಶ್ವರಿ ಚದಕ್ಕೆ 320. ಜಗನ್ಮೋಹನ ಅರಮನೆಯ ಮೇಲಂತಸ್ತಿನ ಗೋಡೆಗಳ ಮೇಲೆ ಆಟದ ಹಲಗೆಗಳನ್ನೇ ಚಿತ್ರವಾಗಿ ಬರೆಸಿದರು. ಚದುರಂಗದ ಕುದುರೆ ಪ್ರತಿ ಮನೆಗೂ ಒಮ್ಮೆ ಮಾತ್ರ ಕಾಲಿಟ್ಟು ಇಡೀ ಹಲಗೆ ಸುತ್ತುವ ದಾರಿಗಳನ್ನು ಅವರು ರಚಿಸಿದರು. ಹೆಜ್ಜೆಗಳಿಗೆ ಕ್ರಮವಾಗಿ ಅಂಕಿ ಬರೆದು, ಸಾಲುಗಳ ಮೊತ್ತ ಸರಿದೂಗುವಂತೆ ಮಾಡುವ ಕಠಿಣ ಲೆಕ್ಕವನ್ನೂ ಬಿಡಿಸಿದರು. ರಣರಂಗ ಕೈತಪ್ಪಿದ ಅರಸನಿಗೆ ಹಲಗೆ ರಣರಂಗವಾಯಿತೆಂದು ಹೇಳಿಬಿಡುವುದು ಸುಲಭ. ಅದು ಪೂರ್ತಿ ಸತ್ಯವಲ್ಲ. ಹೊರಗಿನ ಅಧಿಕಾರಿಗೆ ಕೈಹಾಕಲು ಆಗದ ಒಂದು ಕ್ಷೇತ್ರದಲ್ಲಿ ಅವರು ಹೊಸ ನಿಯಮಗಳನ್ನು ಮಾಡಿದರು, ಬರೆಸಿಟ್ಟರು. ಬರೆಸಿಟ್ಟದ್ದರಿಂದಲೇ ಅವು ಉಳಿದವು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಹಳೆಯ ಆಟಗಳ ಹಲಗೆ, ಕಾಯಿ, ನಿಯಮಗಳನ್ನು ಮತ್ತೆ ಜನರ ಮುಂದಿಡಲು ಸಾಧ್ಯವಾದುದರ ಹಿಂದೆ ಈ ಅರಮನೆಯ ದಾಖಲೆಗಳ ಬಲವೂ ಇದೆ.

ಈ ವಾದಕ್ಕೆ ಆಕ್ಷೇಪಗಳಿವೆ. ಹಲಗೆಯ ಆಟ ಬುದ್ಧಿಯದು, ಗಾಲ್ಫ್ ಮೈಯದು; ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಸರಿಯೇ ಎನ್ನಬಹುದು. ಅವು ಒಂದೇ ಅಲ್ಲ, ನಿಜ. ಹುಲಿ-ಕುರಿ ಕಾಡಿನಿಂದ ಮೈಯ ದುಡಿಮೆಯನ್ನು, ಅಪಾಯವನ್ನು ಕಳೆದು ಎದುರಾಳಿಯನ್ನೂ ಯೋಚನೆಯನ್ನೂ ಉಳಿಸಿಕೊಂಡಿತು. ಸಿಮ್ಯುಲೇಟರ್ ಮೈಯ ಬೀಸನ್ನೂ ಅಳತೆಯನ್ನೂ ಉಳಿಸಿಕೊಂಡು ಗಾಳಿ, ಮಣ್ಣು, ನಡಿಗೆಯನ್ನು ಕಳೆಯುತ್ತದೆ. ಪ್ರತಿ ಒಳಾಂಗಣದ ಆಟವೂ ಏನನ್ನೋ ಬಿಟ್ಟೇ ಬಾಗಿಲು ದಾಟುತ್ತದೆ. ಬಿಟ್ಟದ್ದೇನು ಎಂದು ಕೇಳಬೇಕೇ ಹೊರತು, ಬಿಟ್ಟದ್ದರಿಂದಲೇ ಅದು ಸುಳ್ಳು ಎನ್ನಲಾಗದು. ಕುದುರೆ ನಡೆಯ ಲೆಕ್ಕ ಒಬ್ಬರೇ ಕೂತು ಬಿಡಿಸುವಂಥದ್ದು, ಅಲ್ಲಿ ಎದುರಾಳಿ ಎಲ್ಲಿ ಎಂಬುದು ಇನ್ನೊಂದು ಪ್ರಶ್ನೆ. ಹೌದು, ಆದರೆ ಅದು ಅರಮನೆಯಿಂದ ಜಗಲಿಗೆ ಇಳಿಯಲಿಲ್ಲ. ಚೌಕಾಬಾರ ಯಾವ ಅರಸನ ಆಶ್ರಯವಿಲ್ಲದೆಯೂ ಮನೆಮನೆಯಲ್ಲಿ ಬದುಕಿತು. ಎಲ್ಲಕ್ಕಿಂತ ಭಾರವಾದ ಆಕ್ಷೇಪ ಜಗಲಿಯ ಬಗ್ಗೆಯೇ. ಜಗಲಿ ಎಲ್ಲರಿಗೂ ತೆರೆದಿರಲಿಲ್ಲ. ಜಾತಿಯ ಗೆರೆ ಆಟದ ಗೆರೆಗಿಂತ ಮೊದಲೇ ಅಲ್ಲಿ ಬಿದ್ದಿತ್ತು. ಎದುರು ಕೂರಲು ಯಾರಿಗೆ ಅವಕಾಶ, ಯಾರಿಗೆ ಇಲ್ಲ ಎಂಬುದು ಮೊದಲೇ ತೀರ್ಮಾನವಾಗಿತ್ತು. ಇದನ್ನು ಮರೆಮಾಚಿ ಜಗಲಿಯನ್ನು ಹಾಡಿ ಹೊಗಳುವುದು ತಪ್ಪು. ಆದರೆ ಇದರಿಂದ ನನ್ನ ಮಾತು ಗಟ್ಟಿಯೇ ಆಗುತ್ತದೆ: ಒಂದು ಆಟ ಯಾರ ಆಟವಾಗುತ್ತದೆ ಎಂಬುದನ್ನು ತೀರ್ಮಾನಿಸುವುದು ಅದನ್ನು ಆಡುವ ಜಾಗ.

ಆ ಜಾಗವೇ ಈಗ ಇಲ್ಲವಾಗಿದೆ. ಹೊಸ ಆರ್‌ಸಿಸಿ ಮನೆಗಳಲ್ಲಿ ಜಗಲಿಯ ಬದಲು ಕಾಂಪೌಂಡ್ ಗೋಡೆ, ಗೇಟು. ಚೌಕಾಬಾರ ಫೋನಿನೊಳಗೆ ಸೇರಿದೆ. ಗಾಲ್ಫ್ ಸಿಮ್ಯುಲೇಟರ್ ಬಯಸುವುದು ಮಾತ್ರ ಇಂಥ ಮುಚ್ಚಿದ ಕೋಣೆಯನ್ನೇ: ಕೋಲು ಬೀಸಿದರೆ ತಾಗದಂತೆ ಹತ್ತಡಿಯಷ್ಟಾದರೂ ಎತ್ತರ, ಎಡಬಲಕ್ಕೆ ಅಷ್ಟೇ ಬಿಡುವು, ಉದ್ದಕ್ಕೆ ಹದಿನೈದಡಿಗೆ ಕಡಿಮೆಯಿಲ್ಲದ ಜಾಗ, ಪರದೆ ಕಾಣುವಷ್ಟು ಮಬ್ಬು. ಹುಣಸೂರು, ಪಿರಿಯಾಪಟ್ಟಣದ ಹಳ್ಳಿಗಳಲ್ಲಿ ಇಷ್ಟು ಎತ್ತರ, ಇಷ್ಟು ಕತ್ತಲೆ ಇರುವ ಕಟ್ಟಡವೊಂದಿದೆ, ಹೊಗೆಸೊಪ್ಪು ಹದಮಾಡುವ ಬ್ಯಾರನ್. ಬೆಳೆ ಬಿಟ್ಟವರ ಹೊಲಗಳಲ್ಲಿ ಹಾಳುಬಿದ್ದ ಬ್ಯಾರನ್ನುಗಳನ್ನು ಆಟದ ಮನೆ ಮಾಡಬಹುದಲ್ಲವೇ ಎಂಬ ಯೋಚನೆಗೆ ನಾನು ಗಂಭೀರವಾಗಿಯೇ ಬೆಲೆ ಕೊಡುತ್ತೇನೆ, ಅದು ಗಾಲ್ಫ್ ಆಗಿರಲಿ, ಬೇರೆ ಆಟವಾಗಿರಲಿ. ಪೂರ್ತಿ ಸಾಮಾನು ಕೂಡಿಸಲು ಲಕ್ಷಗಳ ಮಾತಾಗುವುದರಿಂದ ಒಂದು ಮನೆಗೊಂದು ಎಂಬುದು ಈ ಸೀಮೆಗೆ ಹೊಂದುವ ಲೆಕ್ಕವಲ್ಲ. ಊರಿಗೊಂದು ಎಂದರೆ ಮಾತ್ರ ಹೊಂದೀತು. ಹಾಗೆ ಕೋಣೆ ಕಟ್ಟುವವರಲ್ಲಿ ನನ್ನ ಕೋರಿಕೆ ಇಷ್ಟೇ: ಚಾಪೆಯ ಹಿಂದೆ ನಾಲ್ಕು ಜನ ಕೂರುವ ಒಂದು ಬೆಂಚು ಹಾಕಿ, ಅದರ ಮೇಲೆ ಯಾರು ಬೇಕಾದರೂ ಬಂದು ಕೂರಲಿ. ಮನೆಯಲ್ಲಿ ಅಜ್ಜಿಯೋ ಸೋದರತ್ತೆಯೋ ಇದ್ದರೆ, ಅವರು ಆಡುತ್ತಿದ್ದ ಅಳಗುಳಿಮಣೆಯ ನಿಯಮಗಳನ್ನು ಅವರ ಬಾಯಿಂದಲೇ ಕೇಳಿ ಈ ಶಿವರಾತ್ರಿಯೊಳಗೆ ಬರೆದಿಟ್ಟುಕೊಳ್ಳಿ.