ಕ್ರಿಸ್ತ ಜಯಂತಿಯ ಸಂಬಾರ ಬಿಸ್ಕತ್ತು



ಆಗಮನ ಕಾಲ ಬಂತೆಂದರೆ ನಮ್ಮ ಲಗ್ಗೆರೆಯ ಓಣಿಗಳಲ್ಲಿ ಎರಡು ವಾಸನೆಗಳು ಬೆರೆಯುತ್ತವೆ. ಪೀಣ್ಯದ ಕಾರ್ಖಾನೆಗಳ ಕಡೆಯಿಂದ ಬರುವ ಎಣ್ಣೆ, ಕಬ್ಬಿಣದ ವಾಸನೆ ಒಂದು. ಅಡಿಗೆಮನೆಗಳಿಂದ ಬರುವ ಶುಂಠಿ, ಏಲಕ್ಕಿ, ಬೆಲ್ಲದ ಘಮ ಇನ್ನೊಂದು. ಮಂಗಳೂರು ಕಡೆಯವರ ಮನೆಯಲ್ಲಿ ಕುಸ್ವಾರಿನ ತಯಾರಿ ನಡೆದರೆ, ಕೆಲವರು ಮೆತ್ತನೆಯ ಸಂಬಾರ ಬಿಸ್ಕತ್ತು ಬೇಯಿಸುತ್ತಾರೆ. ಈ ಪುಟ್ಟ ಬಿಸ್ಕತ್ತಿನ ಹಿಂದೆ ದೊಡ್ಡ ಚರಿತ್ರೆಯೇ ಇದೆ. ಅದು ನಮಗೊಂದು ಪ್ರಶ್ನೆಯನ್ನೂ ಕೇಳುತ್ತದೆ.

ಜರ್ಮನಿಯ ನ್ಯೂರೆಂಬರ್ಗ್ ಪಟ್ಟಣದಲ್ಲಿ 'ಲೆಬ್‌ಕೂಹನ್' ಎಂಬ ಮೆತ್ತನೆಯ ಬಿಸ್ಕತ್ತು ಪ್ರಸಿದ್ಧ. ಅಲ್ಲಿ ಅದನ್ನು ಮಾಡುವ ಕಸುಬುದಾರರ ಉಲ್ಲೇಖ 1395ರಷ್ಟು ಹಿಂದೆಯೇ ಸಿಗುತ್ತದೆ. ಮಠಗಳಲ್ಲಿಯೂ ಇದನ್ನು ಬೇಯಿಸುತ್ತಿದ್ದರು. ಹಿಟ್ಟು ಅಂಟದಿರಲೆಂದು ಕೆಳಗೆ ಬಲಿಪೂಜೆಯ ರೊಟ್ಟಿಯಂಥ ತೆಳು ಬಿಲ್ಲೆ ಇಡುವ ರೂಢಿ ಇಂದಿಗೂ ಇದೆ. ಜೇನು ಮತ್ತು ಸಂಬಾರ ಸೇರಿದ್ದರಿಂದ ಅದು ಬಹುದಿನ ಕೆಡುತ್ತಿರಲಿಲ್ಲ. ಇದಕ್ಕೆ ಜರ್ಮನ್ ಭಾಷೆಯಲ್ಲಿ 'ಮೆಣಸಿನ ಕೇಕು' ಎಂಬ ಅರ್ಥದ ಇನ್ನೊಂದು ಹೆಸರೂ ಉಂಟು.

ಆ ಮೆಣಸು ಬೆಳೆದದ್ದು ಎಲ್ಲಿ? ನಮ್ಮ ಪಶ್ಚಿಮ ಘಟ್ಟಗಳಲ್ಲಿ. ಕಾಳುಮೆಣಸು, ಏಲಕ್ಕಿಗಳ ಆಸೆಯೇ 1498ರಲ್ಲಿ ವಾಸ್ಕೋ ಡ ಗಾಮನನ್ನು ಕಲ್ಲಿಕೋಟೆಗೆ ತಂದಿತು. ಗೇರುಸೊಪ್ಪೆಯನ್ನಾಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಕಾಳುಮೆಣಸಿನ ರಾಣಿ' ಎಂದೇ ಕರೆದರು. ಅವರ ಹಡಗುಗಳಲ್ಲಿ ಶಿಲುಬೆಯೂ ಬಂತು, ಫಿರಂಗಿಯೂ ಬಂತು. ಇದನ್ನು ನಾವು ಮುಚ್ಚಿಡಬೇಕಾಗಿಲ್ಲ.

ಇದಕ್ಕಿಂತಲೂ ಘೋರವಾದದ್ದು ಜಾಯಿಕಾಯಿಯ ಕಥೆ. ಆ ಕಾಲದಲ್ಲಿ ಲೋಕಕ್ಕೆಲ್ಲ ಜಾಯಿಕಾಯಿ ಬರುತ್ತಿದ್ದುದು ಈಗಿನ ಇಂಡೋನೇಷ್ಯಾಕ್ಕೆ ಸೇರಿದ ಬಾಂಡಾ ದ್ವೀಪಗಳಿಂದ. ಡಚ್ ಕಂಪನಿ ಆ ವ್ಯಾಪಾರವೆಲ್ಲ ತನಗೊಬ್ಬನಿಗೇ ಬೇಕೆಂದು ಹಟ ಹಿಡಿಯಿತು. 1621ರಲ್ಲಿ ಅದರ ಸೈನ್ಯ ಆ ದ್ವೀಪಗಳ ಮೇಲೆ ಎರಗಿತು. ದ್ವೀಪವಾಸಿಗಳಲ್ಲಿ ಬಹುಪಾಲು ಜನ ಹತರಾದರು, ಹಸಿವಿನಿಂದ ಸತ್ತರು, ಗುಲಾಮರಾದರು ಇಲ್ಲವೆ ಓಡಿಹೋದರು. ನಾವಿಂದು ಚಿಟಿಕೆಯಷ್ಟು ತುರಿದು ಹಾಕುವ ಜಾಯಿಕಾಯಿಗಾಗಿ ಒಂದು ಜನಾಂಗವೇ ನೆಲ ಕಳೆದುಕೊಂಡಿತು.

ಅದೇ ಸಂಬಾರ ನಮ್ಮ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಬೇರೆ ದಾರಿ ಹಿಡಿಯಿತು. ನೆವ್ರಿ, ಕಿಡಿಯೊ, ಗುಳಿಯೊ ಮುಂತಾದವು ತುಂಬಿದ ಕುಸ್ವಾರಿನ ತಟ್ಟೆ ಮನೆಯಲ್ಲೇ ಉಳಿಯುವಂಥದ್ದಲ್ಲ. ಅದು ಜಾತಿ ಮತ ನೋಡದೆ ನೆರೆಮನೆಗೆ ಹೋಗಬೇಕು. ಹಬ್ಬಕ್ಕೆ ಮುಂಚೆಯೇ ಮಾಡಿ, ಕಾದು, ಹಂಚುವುದೇ ಅದರ ಧರ್ಮ.

ಸಂಬಾರ ಬಿಸ್ಕತ್ತನ್ನೂ ಹಾಗೆಯೇ ಹಂಚಬಹುದು. ಅದಕ್ಕೆ ಅವನ್ ಇರಲೇಬೇಕೆಂದಿಲ್ಲ. ಎರಡು ಬಟ್ಟಲು ಹಿಟ್ಟು, ಒಂದು ಬಟ್ಟಲು ಪುಡಿಬೆಲ್ಲ, ಅರ್ಧ ಬಟ್ಟಲು ಬೆಣ್ಣೆ, ಅರ್ಧ ಚಮಚ ಅಡಿಗೆ ಸೋಡಾ, ಒಂದು ಚಮಚ ಒಣಶುಂಠಿ ಪುಡಿ, ಸ್ವಲ್ಪ ಏಲಕ್ಕಿ, ಚಕ್ಕೆ, ಜಾಯಿಕಾಯಿ. ಇವನ್ನು ತುಸು ಹಾಲಿನಲ್ಲಿ ಕಲಸಿ ಬಿಲ್ಲೆ ಮಾಡಿ. ದಪ್ಪ ತಳದ ಪಾತ್ರೆಗೆ ಉಪ್ಪು ಹರಡಿ, ಮುಚ್ಚಿ ಕಾಯಿಸಿ, ಒಳಗೆ ಒತ್ತು ಇಟ್ಟು ಅದರ ಮೇಲೆ ತಟ್ಟೆಯಿಟ್ಟು ಸಣ್ಣ ಉರಿಯಲ್ಲಿ ಬೇಯಿಸಿ. ಅಂಚು ಗಟ್ಟಿಯಾಗಿ ನಡುವೆ ಇನ್ನೂ ಮೆತ್ತಗಿರುವಾಗಲೇ ತೆಗೆಯಬೇಕು. ಬೆಲ್ಲ ತೇವವನ್ನು ಹಿಡಿದಿಡುವುದರಿಂದ, ಡಬ್ಬಿಯಲ್ಲಿ ಮುಚ್ಚಿಟ್ಟರೆ ಆ ಮೆದುತನ ಕೆಲವು ದಿನ ಉಳಿಯುತ್ತದೆ.

ಪೂರ್ವದ ಜ್ಞಾನಿಗಳು ಬಾಲಯೇಸುವಿಗೆ ತಂದದ್ದು ಚಿನ್ನ, ಧೂಪ, ರಕ್ತಬೋಳ. ಕೊನೆಯ ಎರಡೂ ದೂರದ ವ್ಯಾಪಾರದ ಸುಗಂಧಗಳೇ. ಅವರು ಅವನ್ನು ಕೊಟ್ಟು ಬರಿಗೈಯಲ್ಲಿ ಹಿಂದಿರುಗಿದರು. ಹೆರೋದನಾದರೋ ಕಸಿಯಲೆಂದೇ ಕತ್ತಿ ಹಿಡಿದ. ಸುಗಂಧ ಒಂದೇ, ಹಿಡಿದ ಕೈ ಬೇರೆ.

ನಮ್ಮ ಬೀದಿಯಲ್ಲಿ ಊರು ಬಿಟ್ಟು ಬಂದವರು ಎಷ್ಟೊಂದು ಜನ! ಗಾರ್ಮೆಂಟ್ಸಿನಿಂದ ದಣಿದು ಬರುವ ಹೆಣ್ಣುಮಕ್ಕಳು, ಹಬ್ಬದ ರಾತ್ರಿಯೂ ಪಾಳಿಗೆ ಹೋಗುವ ಹುಡುಗರು. ಈ ಸಲ ನಮ್ಮ ಡಬ್ಬಿಯ ಮೊದಲ ತಟ್ಟೆ ಅವರ ಬಾಗಿಲಿಗೆ ಹೋಗಲಿ. ಕಸಿದು ತಂದ ಸಂಬಾರದ ಚರಿತ್ರೆಗೆ ನಾವು ಕೊಡಬಹುದಾದ ಉತ್ತರ ಅದು.

ಎಲ್ಲರಿಗೂ ಕ್ರಿಸ್ತ ಜಯಂತಿಯ ಶುಭಾಶಯಗಳು.